ಮಧ್ಯ ಯೂರೋಪಿನ ಪಾರಿತೋಷಕ: ಅಳಿದ ಸಾಮ್ರಾಜ್ಯವೊಂದರ ಕಾಲ್ಚೆಂಡಾಟ

ಸಾಮ್ರಾಜ್ಯವೊಂದು ಅಳಿದಾಗ ಅದರ ಸೇನೆ, ಖಜಾನೆ, ನಾಣ್ಯ, ಅಂಚೆಯ ಮುದ್ರೆ ಇವು ಸ್ವಲ್ಪ ಕಾಲದಲ್ಲಿಯೇ ವಾರಸುದಾರರ ನಡುವೆ ಹಂಚಿಹೋಗುತ್ತವೆ. ಅದರ ಪ್ರಜೆಗಳ ನಿತ್ಯಜೀವನದ ರೂಢಿಗಳು ಮಾತ್ರ ಅಷ್ಟು ಸುಲಭವಾಗಿ ಪಾಲಾಗುವುದಿಲ್ಲ. 1918ರಲ್ಲಿ ಒಡೆದುಹೋದ ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯದ ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ 1919ರ ಸೇಂಟ್ ಜರ್ಮೇನ್ ಹಾಗೂ 1920ರ ಟ್ರಿಯನಾನ್ ಒಪ್ಪಂದಗಳೊಡನೆ ಮುಗಿಯುತ್ತದೆ. ಆಮೇಲೆ ವಿಯೆನ್ನಾ, ಬುಡಾಪೆಸ್ಟ್, ಪ್ರಾಗ್ ನಗರಗಳು ಮೂರು ರಾಷ್ಟ್ರಗಳ ರಾಜಧಾನಿಗಳಾಗಿ ಮೂರು ಬೇರೆ ಬೇರೆ ಅಧ್ಯಾಯಗಳಲ್ಲಿ ಕಾಣಿಸಿಕೊಳ್ಳುತ್ತವೆ. ಈ ಮೂರನ್ನೂ ಯುದ್ಧಾನಂತರ ಒಂದೇ ಅಧ್ಯಾಯದಲ್ಲಿ ಹಿಡಿದಿಟ್ಟ ಸಂಗತಿಗಳು ಕೆಲವಿದ್ದುವು. ಸಂಗೀತ, ಕಾಫಿಗೃಹ, ರೈಲುಮಾರ್ಗ ಇವುಗಳನ್ನು ಇತಿಹಾಸಕಾರರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅವರ ಗಮನಕ್ಕೆ ತಡವಾಗಿ ಬಿದ್ದ ಮತ್ತೊಂದು ಸಂಗತಿಯನ್ನು ನಾವು ಇಲ್ಲಿ ಪರಿಶೀಲಿಸಲಿದ್ದೇವೆ. ಅದು ಕಾಲ್ಚೆಂಡಾಟ, ಎಂದರೆ ಫುಟ್‌ಬಾಲ್.

1927ರ ಆಗಸ್ಟ್ ತಿಂಗಳಿನಲ್ಲಿ ಆಸ್ಟ್ರಿಯ, ಹಂಗೆರಿ, ಚೆಕೊಸ್ಲೊವಾಕಿಯ, ಯುಗೊಸ್ಲಾವಿಯ ಈ ನಾಲ್ಕು ರಾಷ್ಟ್ರಗಳ ಎಂಟು ಸಂಘಗಳು ಒಂದು ಪಾರಿತೋಷಕಕ್ಕಾಗಿ ಸೆಣಸತೊಡಗಿದುವು. ಈ ಪಂದ್ಯಾವಳಿಗೆ 'ಮಿಟ್ರೋಪಾ ಪಾರಿತೋಷಕ' ಎಂಬ ಹೆಸರು ನೆಲೆಗೊಂಡಿತು. ಜರ್ಮನ್ ಭಾಷೆಯಲ್ಲಿ ಮಧ್ಯ ಯೂರೋಪು ಎಂಬರ್ಥದ ಪದವನ್ನು ಕಿರಿದುಗೊಳಿಸಿದ ರೂಪವಿದು. 1916ರಲ್ಲಿ ಹುಟ್ಟಿದ, ರೈಲಿನ ಊಟದ ಬಂಡಿ ಮತ್ತು ಮಲಗುವ ಬಂಡಿಗಳನ್ನು ನಡೆಸುತ್ತಿದ್ದ ಕಂಪೆನಿಯ ಹೆಸರೂ ಇದೇ ಆಗಿದ್ದಿತು. ರಾತ್ರಿಯ ರೈಲಿನಲ್ಲಿ ಹೋಗಿ ಆಡಿ ಬರುತ್ತಿದ್ದ ಆಟಗಾರರಿಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯುವುದು ಕಷ್ಟ.

ಈ ಪಂದ್ಯಾವಳಿಯನ್ನು ಕುರಿತು ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಯೂರೋಪಿನ ಸಂಘಗಳ ಇಂದಿನ ದೊಡ್ಡ ಪಂದ್ಯಾವಳಿಗಳಿಗೆ ಇದು ಪೂರ್ವಜ ಎಂಬುದು ಒಂದು. ಯುದ್ಧದಲ್ಲಿ ಬೇರ್ಪಟ್ಟ ನೆರೆರಾಷ್ಟ್ರಗಳನ್ನು ಸ್ನೇಹದಿಂದ ಕೂಡಿಸಲು ನಡೆದ ಪ್ರಯತ್ನ ಎಂಬುದು ಇನ್ನೊಂದು. ಮೊದಲನೆಯ ಮಾತಿನಲ್ಲಿ ವಿವಾದವಿಲ್ಲ. ಎರಡನೆಯದನ್ನು ನಾವು ಒಪ್ಪಲಾರೆವು. ಈ ಸಂಘಗಳು ಪರದೇಶದ ಎದುರಾಳಿಗಳನ್ನು ಅರಸಿಕೊಂಡು ಹೋದುವೆಂದು ತಿಳಿಯುವುದು ಸರಿಯಲ್ಲ. ಮೊದಲಿನಿಂದಲೂ ತಮ್ಮೊಡನೆ ಆಡುತ್ತಿದ್ದವರೇ ಗಡಿ ಸರಿದುದರಿಂದ ಪರದೇಶದವರಾದರು. ಆದುದರಿಂದ ಮಿಟ್ರೋಪಾ ಪಂದ್ಯಾವಳಿ ಹೊಸದೊಂದು ಸ್ನೇಹದ ಆರಂಭವಾಗಿರದೆ, ಒಂದೇ ರಾಜ್ಯದೊಳಗಿನ ಹಳೆಯ ಪೈಪೋಟಿಯ ಮುಂದುವರಿಕೆಯಾಗಿದ್ದಿತು. ಅದರ ಆಕರ್ಷಣೆಗೂ ಅದರಲ್ಲಿ ಪದೇ ಪದೇ ಎದ್ದ ಕಲಹಗಳಿಗೂ ಕಾರಣ ಒಂದೇ ಎಂದು ನಮ್ಮ ಅಭಿಪ್ರಾಯ.

ನೆರೆನಾಡುಗಳ ಸಂಘಗಳು ಒಂದು ಪಾರಿತೋಷಕಕ್ಕಾಗಿ ಆಡಿದ ಉದಾಹರಣೆಗಳು ಇದಕ್ಕೂ ಹಿಂದೆ ಇಲ್ಲದೆ ಇಲ್ಲ. ದಕ್ಷಿಣ ಅಮೆರಿಕದಲ್ಲಿ ರಿಯೊ ಡೆ ಲಾ ಪ್ಲಾಟಾ ನದೀಮುಖದ ಎರಡು ದಡಗಳಲ್ಲಿರುವ ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೋ ನಗರಗಳ ಸಂಘಗಳೂ, ಅರ್ಜೆಂಟೀನದ ರೊಸಾರಿಯೊ ನಗರದ ಸಂಘಗಳೂ 1900ರಿಂದ 1919ರವರೆಗೆ ಒಂದು ಪಂದ್ಯಾವಳಿಯಲ್ಲಿ ಸೇರುತ್ತಿದ್ದುವು. ಅದರ ಪಾರಿತೋಷಕವು ಅರ್ಜೆಂಟೀನದ ಕಾಲ್ಚೆಂಡಾಟದ ಮಂಡಲಿಯ ಅಧ್ಯಕ್ಷನಾಗಿದ್ದ ಶೆವಲಿಯರ್ ಬೂಟೆಲ್ ಎಂಬ ಆಂಗ್ಲನ ಹೆಸರನ್ನು ಪಡೆದಿದೆ. 1900ರಲ್ಲಿಯೇ ಬ್ರಸೆಲ್ಸ್ ನಗರದಲ್ಲಿ ಬೆಲ್ಜಿಯಂ, ಹಾಲೆಂಡ್, ಸ್ವಿಟ್ಜರ್ಲೆಂಡುಗಳ ಸಂಘಗಳು ಕೂಡಿದ್ದುವು; ಆಮ್‌ಸ್ಟರ್‌ಡಾಮಿನ ಆರ್.ಎ.ಪಿ. ಸಂಘ ಅಲ್ಲಿ ಜಯ ಪಡೆಯಿತು. ಇವುಗಳಲ್ಲಿ ಗಡಿ ಮೊದಲೇ ಇದ್ದಿತು, ಆಟ ಅದನ್ನು ದಾಟಿತು. ಮಧ್ಯ ಯೂರೋಪಿನಲ್ಲಿ ನಡೆದುದು ಇದಕ್ಕೆ ವಿಪರೀತವಾದುದರಿಂದ ಇತಿಹಾಸದ ವಿದ್ಯಾರ್ಥಿಗೆ ಅದು ಹೆಚ್ಚು ಬೋಧಪ್ರದವಾಗಿದೆ.

1894ರ ಆಗಸ್ಟಿನಲ್ಲಿ, ಒಂದು ದಿನದ ಅಂತರದಲ್ಲಿ, ವಿಯೆನ್ನಾದಲ್ಲಿ ಎರಡು ಸಂಘಗಳು ಹುಟ್ಟಿದುವು: ಫಸ್ಟ್ ವಿಯೆನ್ನಾ, ಮತ್ತು ವಿಯೆನ್ನಾ ಕ್ರಿಕೆಟ್ ಅಂಡ್ ಫುಟ್‌ಬಾಲ್ ಕ್ಲಬ್. ಹೆಸರುಗಳೇ ತಿಳಿಸುವಂತೆ ಈ ಆಟವನ್ನು ಅಲ್ಲಿಗೆ ತಂದವರು ಆ ನಗರದಲ್ಲಿ ನೆಲೆಸಿದ್ದ ಆಂಗ್ಲರು. ಎರಡನೆಯ ಸಂಘದ ಸ್ಥಾಪಕರಲ್ಲೊಬ್ಬನಾದ ಜಾನ್ ಗ್ರಾಮ್ಲಿಕ್ ಎಂಬಾತ 1897ರಲ್ಲಿ ಸಾಮ್ರಾಜ್ಯದ ಎಲ್ಲ ಸಂಘಗಳಿಗೂ ತೆರೆದಿದ್ದ 'ಚಾಲೆಂಜ್ ಕಪ್' ಎಂಬ ಪಂದ್ಯಾವಳಿಯನ್ನು ಏರ್ಪಡಿಸಿದನು. ಎಲ್ಲ ಸಂಘಗಳು ಎಂದರೆ ವಾಸ್ತವದಲ್ಲಿ ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್ ನಗರಗಳ ಸಂಘಗಳು. ಮೊದಲು ವಿಯೆನ್ನಾದವರಷ್ಟೇ ಆಡಿದರು. ಅನಂತರ ಉಳಿದ ಎರಡು ನಗರದವರೂ ಬಂದರು. ನಡುವೆ ಕೆಲವು ವರ್ಷ ನಿಂತು, 1911ರಲ್ಲಿ ಕೊನೆಗೊಂಡ ಈ ಪಂದ್ಯಾವಳಿಯಲ್ಲಿ ವಿಯೆನ್ನಾದ ಹೊರಗಿನವರು ಗೆದ್ದುದು ಒಂದೇ ಸಲ. 1909ರಲ್ಲಿ ಬುಡಾಪೆಸ್ಟಿನ ಫೆರೆನ್ಸ್‌ವಾರೋಶ್ ಸಂಘ ಪಾರಿತೋಷಕವನ್ನು ತನ್ನೂರಿಗೆ ಒಯ್ದಿತು. ರಾಜಧಾನಿಯಲ್ಲಿ ನಿಯಮ ಮಾಡುವುದು, ಉಳಿದವರು ಅಲ್ಲಿಗೆ ಬಂದು ಸೋಲುವುದು: ಸಾಮ್ರಾಜ್ಯದ ಅಂದಿನ ಆಡಳಿತ ಹೇಗಿತ್ತೋ ಅದರ ಆಟವೂ ಹಾಗೆಯೇ ಇದ್ದಿತು.

ಆದರೆ ಈ ಸಾಮ್ರಾಜ್ಯದ ರಾಜಕೀಯ ಭೂಪಟಕ್ಕೂ ಅದರ ಕಾಲ್ಚೆಂಡಾಟದ ಭೂಪಟಕ್ಕೂ ಆರಂಭದಿಂದಲೇ ತಾಳೆಯಿರಲಿಲ್ಲ. 1902ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಆಸ್ಟ್ರಿಯವು ಹಂಗೆರಿಯನ್ನು 5–0 ಗೋಲುಗಳಿಂದ ಸೋಲಿಸಿತು. ಒಬ್ಬನೇ ಚಕ್ರವರ್ತಿಯ ಪ್ರಜೆಗಳ ನಡುವೆ ನಡೆದ ಈ ಆಟವನ್ನು ಅಂತರರಾಷ್ಟ್ರೀಯ ಪಂದ್ಯವೆಂದು ದಾಖಲಿಸಲಾಗಿದೆ. ಬೊಹಿಮಿಯದ ಚೆಕ್ಕರು ತಮಗೂ ಪ್ರತ್ಯೇಕ ಸ್ಥಾನ ಬೇಕೆಂದು ಹೋರಾಡಿ ಅಂತರರಾಷ್ಟ್ರೀಯ ಕಾಲ್ಚೆಂಡಾಟದ ಒಕ್ಕೂಟವನ್ನು ಪ್ರವೇಶಿಸಿದರು. ಆಸ್ಟ್ರಿಯದ ವಿರೋಧದಿಂದ 1908ರಲ್ಲಿ ಹೊರಗೆ ಬಿದ್ದರು. ಪ್ರಾಗ್ ನಗರದೊಳಗೇ ಚೆಕ್ಕರ ಸ್ಲಾವಿಯಾ, ಸ್ಪಾರ್ಟಾ ಸಂಘಗಳಿದ್ದಂತೆ ಜರ್ಮನ್ ಮಾತಾಡುವವರಿಗೆ ಡಿ.ಎಫ್.ಸಿ. ಪ್ರಾಗ್ ಎಂಬ ಬೇರೊಂದು ಸಂಘವಿದ್ದಿತು. ಆ ಸಂಘ 1903ರಲ್ಲಿ ಜರ್ಮನಿಯ ಚಾಂಪಿಯನ್ ಪಟ್ಟದ ಅಂತಿಮ ಪಂದ್ಯವನ್ನೇ ಆಡಿ ಲೈಪ್‌ಜಿಗ್ ಸಂಘಕ್ಕೆ 7–2ರಿಂದ ಸೋತಿತು. ಪ್ರಭುತ್ವದ ಗೆರೆ ಒಂದು, ಭಾಷೆಯ ಗೆರೆ ಇನ್ನೊಂದು, ಆಟದ ಗೆರೆ ಮತ್ತೊಂದು. ಇಂಥ ವೈಚಿತ್ರ್ಯ ನಮಗೆ ತೀರ ಅಪರಿಚಿತವೇನೂ ಅಲ್ಲ. ಬರೋಡಾ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದರೂ ಬರೋಡಾ ತಂಡ ರಣಜಿ ಪಂದ್ಯಗಳಲ್ಲಿ ತನ್ನ ಹೆಸರಿನಲ್ಲಿಯೇ ಆಡುತ್ತ ಬಂದಿದೆ.

ಯುದ್ಧವಾದ ಮೇಲೆ ವಿಯೆನ್ನಾದಿಂದ ಪ್ರಾಗಿಗಾಗಲಿ ಬುಡಾಪೆಸ್ಟಿಗಾಗಲಿ ಹೋಗಲು ರಹದಾರಿ ಬೇಕಾಯಿತು. ದಾರಿಯ ದೂರವೇನೂ ಬದಲಾಗಲಿಲ್ಲ. ನೇರವಾಗಿ ಅಳೆದರೆ ಎರಡೂ ಇನ್ನೂರೈವತ್ತು ಕಿಲೋಮೀಟರುಗಳಿಗಿಂತ ಹೆಚ್ಚಿಲ್ಲ. ಶನಿವಾರ ಹೊರಟು ಭಾನುವಾರ ಆಡಿ ಸೋಮವಾರ ಕೆಲಸಕ್ಕೆ ಹಿಂತಿರುಗಬಹುದಾದ ಅಂತರ. ಹೀಗಿರಲು ಸಂಘಗಳ ನಡುವಣ ಹಳೆಯ ಸಂಪರ್ಕ ಬಿಟ್ಟುಹೋಗಲು ಕಾರಣವೇ ಇರಲಿಲ್ಲ. ಆದರೆ ಸಂಪರ್ಕವಿದ್ದ ಮಾತ್ರಕ್ಕೆ ಪಂದ್ಯಾವಳಿ ಹುಟ್ಟುವುದಿಲ್ಲ. ಅದನ್ನು ಹುಟ್ಟಿಸಿದ ಕಾರಣ ಹಣ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 1924ರಲ್ಲಿ ಆಸ್ಟ್ರಿಯ, 1925ರಲ್ಲಿ ಚೆಕೊಸ್ಲೊವಾಕಿಯ, 1926ರಲ್ಲಿ ಹಂಗೆರಿ ಹೀಗೆ ವರ್ಷಕ್ಕೊಂದರಂತೆ ಮೂರು ದೇಶಗಳೂ ವೃತ್ತಿ ಆಟಗಾರರಿಗೆ ಬಹಿರಂಗವಾಗಿ ಸಂಬಳ ಕೊಡುವ ಪದ್ಧತಿಯನ್ನು ಒಪ್ಪಿಕೊಂಡುವು. ಸಂಬಳ ತಿಂಗಳು ತಿಂಗಳೂ ಕೊಡಬೇಕು. ಪ್ರೇಕ್ಷಕರಿಂದ ಬರುವ ಪ್ರವೇಶಶುಲ್ಕವೇ ಸಂಘಕ್ಕೆ ಮುಖ್ಯ ಆದಾಯ. ಅಂದಿನ ಆಸ್ಟ್ರಿಯದ ಶ್ರೇಷ್ಠ ಸಂಘಗಳೆಲ್ಲ ವಿಯೆನ್ನಾದವು, ಹಂಗೆರಿಯವು ಬಹುಪಾಲು ಬುಡಾಪೆಸ್ಟಿನವು, ಚೆಕೊಸ್ಲೊವಾಕಿಯದವು ಪ್ರಾಗಿನವು. ಒಂದೇ ಊರಿನ ಅದೇ ಎದುರಾಳಿಗಳನ್ನು ಎಷ್ಟು ಸಲ ತೋರಿಸಿ ಕ್ರೀಡಾಂಗಣವನ್ನು ತುಂಬಿಸಬಹುದು?

ಇದಕ್ಕೆ ಮತ್ತೊಂದು ತೊಡಕು ಸೇರಿಕೊಂಡಿತು. ಒಲಿಂಪಿಕ್ ಕ್ರೀಡೆಗಳಲ್ಲಿ ಹವ್ಯಾಸಿಗಳಿಗಷ್ಟೇ ಪ್ರವೇಶ. ಸಂಬಳ ಪಡೆಯುವುದನ್ನು ಒಪ್ಪಿಕೊಂಡೊಡನೆ ಈ ಮೂರು ರಾಷ್ಟ್ರಗಳ ಅತ್ಯುತ್ತಮ ಆಟಗಾರರಿಗೆ ಅಂದು ಜಗತ್ತಿನಲ್ಲಿದ್ದ ಏಕೈಕ ದೊಡ್ಡ ವೇದಿಕೆ ಮುಚ್ಚಿಹೋಯಿತು. ವಿಶ್ವಪಾರಿತೋಷಕ ಇನ್ನೂ ಹುಟ್ಟಿರಲಿಲ್ಲ. ಪ್ರಾಮಾಣಿಕತೆಗೆ ದಂಡ ತೆತ್ತವರು ತಮಗಾಗಿ ಒಂದು ವೇದಿಕೆಯನ್ನು ತಾವೇ ಕಟ್ಟಿಕೊಳ್ಳಬೇಕಾಯಿತು.

ಕಟ್ಟಿದವರಲ್ಲಿ ಪ್ರಮುಖನು ಹ್ಯೂಗೊ ಮೈಸ್ಲ್. 1881ರಲ್ಲಿ ಬೊಹಿಮಿಯದ ಮಲೆಶೋವ್ ಎಂಬಲ್ಲಿ ಯೆಹೂದ್ಯ ಕುಟುಂಬವೊಂದರಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಬೆಳೆದು, ಬ್ಯಾಂಕಿನಲ್ಲಿ ಕೆಲಸ ಮಾಡಿ, ಕೊನೆಗೆ ಆಸ್ಟ್ರಿಯದ ಕಾಲ್ಚೆಂಡಾಟದ ಮಂಡಲಿಯ ಕಾರ್ಯದರ್ಶಿಯೂ ರಾಷ್ಟ್ರತಂಡದ ಮಾರ್ಗದರ್ಶಕನೂ ಆದವನು. ಹಲವು ಭಾಷೆಗಳನ್ನು ಬಲ್ಲ ಈತನಿಗೆ ಪ್ರಾಗ್, ಬುಡಾಪೆಸ್ಟುಗಳು ಪರಸ್ಥಳಗಳೆಂದು ಎಂದಾದರೂ ತೋರಿದ್ದಿತೇ ಎಂಬುದು ಸಂದೇಹ. 1927ರ ಜುಲೈ ತಿಂಗಳಿನಲ್ಲಿ ವೆನಿಸಿನಲ್ಲಿ ಸೇರಿದ ಸಭೆಯಲ್ಲಿ ಆತನ ಯೋಜನೆಗೆ ಒಪ್ಪಿಗೆ ದೊರೆಯಿತು. ಅದೇ ತಿಂಗಳ 15ರಂದು ವಿಯೆನ್ನಾದಲ್ಲಿ ಉದ್ರಿಕ್ತ ಜನಸಮೂಹ ನ್ಯಾಯಾಲಯದ ಅರಮನೆಗೆ ಬೆಂಕಿಯಿಟ್ಟು, ಪೊಲೀಸರ ಗುಂಡಿಗೆ ಎಂಬತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಆಸ್ಟ್ರಿಯ ಗಣರಾಜ್ಯದ ಇತಿಹಾಸದಲ್ಲಿ ಆ ಜುಲೈ ಬೆಂಕಿಯ ಜುಲೈ ಎಂದೇ ಉಳಿದಿದೆ. ವೆನಿಸಿನ ಸಭೆಗೆ ಅದರಲ್ಲಿ ಎಡೆಯಿಲ್ಲ.

ಪಂದ್ಯಾವಳಿಯ ನಿಯಮ ಸರಳವಾಗಿದ್ದಿತು. ಪ್ರತಿ ರಾಷ್ಟ್ರದಿಂದ ಎರಡು ಸಂಘಗಳು. ಪ್ರತಿ ಜೋಡಿಗೂ ಎರಡು ಪಂದ್ಯಗಳು, ಒಂದು ತನ್ನೂರಿನಲ್ಲಿ, ಇನ್ನೊಂದು ಎದುರಾಳಿಯ ಊರಿನಲ್ಲಿ. ಎರಡರಲ್ಲಿಯೂ ಹೊಡೆದ ಗೋಲುಗಳನ್ನು ಕೂಡಿ ಜಯಾಪಜಯದ ನಿರ್ಣಯ. ಇಂದು ಯೂರೋಪಿನ ಸಂಘಗಳ ಪಂದ್ಯಾವಳಿಗಳಲ್ಲಿ ಸರ್ವಸಾಮಾನ್ಯವಾದ ಈ ಕ್ರಮದಲ್ಲಿ ನ್ಯಾಯಬುದ್ಧಿಯೂ ವ್ಯಾಪಾರಬುದ್ಧಿಯೂ ಸಮವಾಗಿ ಬೆರೆತಿವೆ. ಪರಸ್ಥಳದಲ್ಲಿ ಆಡುವ ಅನನುಕೂಲ ಇಬ್ಬರಿಗೂ ಒಂದೇ ಆಗುತ್ತದೆ. ಅಲ್ಲದೆ ಇಬ್ಬರ ಕ್ರೀಡಾಂಗಣವೂ ಒಂದೊಂದು ದಿನ ತುಂಬುತ್ತದೆ.

ಸೇರಿದ ರಾಷ್ಟ್ರಗಳ ಪಟ್ಟಿಯನ್ನು ರಾಜನೀತಿಯ ದೃಷ್ಟಿಯಿಂದ ನೋಡಿದರೆ ಅದು ಅಸಂಭವವೆನಿಸುತ್ತದೆ. ಟ್ರಿಯನಾನ್ ಒಪ್ಪಂದದಿಂದ ಹಂಗೆರಿ ತನ್ನ ನೆಲದಲ್ಲಿ ಮೂರನೆಯ ಎರಡು ಭಾಗವನ್ನು ಕಳೆದುಕೊಂಡಿತ್ತು. ಅದನ್ನು ಪಡೆದವರಲ್ಲಿ ಚೆಕೊಸ್ಲೊವಾಕಿಯ, ಯುಗೊಸ್ಲಾವಿಯ, ರುಮಾನಿಯಗಳು ಮುಖ್ಯರು. ಈ ಮೂವರು 1920-21ರಲ್ಲಿ 'ಕಿರಿಯ ಮೈತ್ರಿಕೂಟ'ವನ್ನು ಕಟ್ಟಿಕೊಂಡುದು ಹಂಗೆರಿಯನ್ನು ತಡೆದಿಡಲೆಂದೇ. ಆ ಕೂಟದ ಇಬ್ಬರು ಸದಸ್ಯರೂ ಅವರ ಶಂಕೆಗೆ ಗುರಿಯಾದ ಹಂಗೆರಿಯೂ ಒಂದೇ ಪಾರಿತೋಷಕಕ್ಕೆ ಹೆಸರು ಕೊಟ್ಟಿದ್ದುವು. ಡಾನ್ಯೂಬ್ ತೀರದ ಐದು ರಾಷ್ಟ್ರಗಳನ್ನು ಸುಂಕದ ರಿಯಾಯಿತಿಗಳ ಮೂಲಕ ಕೂಡಿಸಲು ಫ್ರಾನ್ಸಿನ ಪ್ರಧಾನಿ ಆಂದ್ರೆ ತಾರ್ದ್ಯೂ 1932ರಲ್ಲಿ ಮಂಡಿಸಿದ ಯೋಜನೆ ಒಂದೆರಡು ತಿಂಗಳಲ್ಲಿ ಮುರಿದುಬಿದ್ದಿತು. ರಾಜತಂತ್ರಜ್ಞರು ಮಾಡಲಾರದುದನ್ನು ಆಟಗಾರರು ಮಾಡಿದರೆಂದು ಇದರಿಂದ ಹೇಳಲು ಮನಸ್ಸಾಗುತ್ತದೆ. ಮೈದಾನದಲ್ಲಿ ನಡೆದುದನ್ನು ನೋಡಿದ ಮೇಲೆ ಹಾಗೆ ಹೇಳುವ ಧೈರ್ಯ ಉಳಿಯುವುದಿಲ್ಲ.

ಮೊದಲನೆಯ ವರ್ಷವನ್ನೇ ತೆಗೆದುಕೊಳ್ಳೋಣ. ಯುಗೊಸ್ಲಾವಿಯದ ಎರಡು ಸಂಘಗಳೂ ಮೊದಲ ಸುತ್ತಿನಲ್ಲಿಯೇ ಹೊರಬಿದ್ದುವು. ವಿಯೆನ್ನಾದ ರಾಪಿಡ್ ಸಂಘ ಹೈದುಕ್ ಸ್ಪ್ಲಿಟ್ ಮೇಲೆ ಒಂದೇ ಪಂದ್ಯದಲ್ಲಿ 8 ಗೋಲುಗಳನ್ನು ಹೊಡೆಯಿತು. ಉಪಾಂತ್ಯದಲ್ಲಿ ಪ್ರಾಗಿನ ಸ್ಪಾರ್ಟಾ ಮತ್ತು ಬುಡಾಪೆಸ್ಟಿನ ಹಂಗಾರಿಯಾ ಸಂಘಗಳ ಎರಡು ಪಂದ್ಯಗಳೂ ಸಮನಾದುವು. ಅರ್ಹತೆಯಿಲ್ಲದ ಆಟಗಾರನೊಬ್ಬನನ್ನು ಇಳಿಸಿದ ಕಾರಣಕ್ಕಾಗಿ ಹಂಗಾರಿಯಾ ಅನರ್ಹವಾಯಿತು. ಪಾರಿತೋಷಕಕ್ಕಿಂತ ಮೊದಲೇ ವ್ಯಾಜ್ಯ ಬಂದಿತೆಂದು ಹೇಳಬಹುದು. ಅಂತಿಮ ಘಟ್ಟದಲ್ಲಿ ಸ್ಪಾರ್ಟಾ ಪ್ರಾಗಿನಲ್ಲಿ ರಾಪಿಡ್ ಸಂಘವನ್ನು 6–2ರಿಂದ ಸೋಲಿಸಿತು. ನವೆಂಬರ್ 13ರಂದು ವಿಯೆನ್ನಾದ ಹೋಹೆ ವಾರ್ಟೆ ಮೈದಾನದಲ್ಲಿ ನಡೆದ ಮರುಪಂದ್ಯದಲ್ಲಿ ರಾಪಿಡ್ ಗೆದ್ದುದು 2–1ರಿಂದ ಮಾತ್ರ. ಒಟ್ಟು ಲೆಕ್ಕದಲ್ಲಿ ಪಾರಿತೋಷಕ ಪ್ರಾಗಿಗೆ ಸಂದಿತು. ಅದನ್ನು ಪಡೆಯುವ ಹೊತ್ತಿಗೆ ಪ್ರೇಕ್ಷಕರು ಸ್ಪಾರ್ಟಾ ಆಟಗಾರರ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು.

ಈ ಗಲಭೆಯನ್ನು ಕ್ರೀಡಾಂಗಣದ ಸಾಮಾನ್ಯ ಅಶಿಸ್ತೆಂದು ಬಗೆಯುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಮೂವತ್ತು ವರ್ಷಗಳ ಹಿಂದೆ ವಿಯೆನ್ನಾಕ್ಕೆ ಬಂದು ಸೋತು ಹೋಗುತ್ತಿದ್ದ ಪ್ರಾಂತೀಯ ನಗರವೊಂದು ಈಗ ಸ್ವತಂತ್ರ ರಾಷ್ಟ್ರದ ರಾಜಧಾನಿಯಾಗಿ, ತನ್ನದಾದ ಕೈಗಾರಿಕೆಗಳಿಂದ ಆಸ್ಟ್ರಿಯಕ್ಕಿಂತ ಸಿರಿವಂತವಾಗಿ, ಅದೇ ವಿಯೆನ್ನಾದಲ್ಲಿ ನಿಂತು ಪಾರಿತೋಷಕವನ್ನೆತ್ತಿಕೊಂಡಿತು. ಅರವತ್ತೈದು ಲಕ್ಷ ಜನರ ಚಿಕ್ಕ ಗಣರಾಜ್ಯಕ್ಕೆ ತೀರ ದೊಡ್ಡದಾಗಿಬಿಟ್ಟ ರಾಜಧಾನಿಯ ಜನಕ್ಕೆ ಇದನ್ನು ನೋಡುವುದು ಸುಲಭವಾಗಿರಲಿಲ್ಲ. ಅಲ್ಲದೆ ಆ ಮೈದಾನದಲ್ಲಿ ನೆರೆದವರಲ್ಲಿ ಚೆಕ್ ಮನೆತನದವರು ಎಷ್ಟೋ ಜನ ಇದ್ದಿರಬೇಕು. ವಿಯೆನ್ನಾದ ಇಟ್ಟಿಗೆಗೂಡುಗಳಲ್ಲಿಯೂ ಹೊಲಿಗೆ ಅಂಗಡಿಗಳಲ್ಲಿಯೂ ದುಡಿಯಲು ಬೊಹಿಮಿಯ, ಮೊರಾವಿಯಗಳಿಂದ ಬಂದು ನೆಲೆಸಿದವರಿಗೆ ಲೆಕ್ಕವಿರಲಿಲ್ಲ. ದಾಯಾದಿಗಳ ಜಗಳದಲ್ಲಿ ಕಾಣುವ ಕಾವು ಅಪರಿಚಿತರ ಜಗಳದಲ್ಲಿ ಹುಟ್ಟಲಾರದು.

ಮುಂದಿನ ವರ್ಷಗಳನ್ನು ಬೇಗನೆ ದಾಟಬಹುದು. 1928ರಲ್ಲಿ ಫೆರೆನ್ಸ್‌ವಾರೋಶ್, 1929ರಲ್ಲಿ ಬುಡಾಪೆಸ್ಟಿನದೇ ಆದ ಉಯ್‌ಪೆಸ್ಟ್, 1930ರಲ್ಲಿ ರಾಪಿಡ್ ಗೆದ್ದುವು. 1931ರಲ್ಲಿ ಅಂತಿಮ ಘಟ್ಟಕ್ಕೆ ಬಂದ ಎರಡೂ ಸಂಘಗಳು ವಿಯೆನ್ನಾದವಾಗಿದ್ದುವು. ಒಂದೇ ಊರಿನ ಆ ಎರಡು ಸಂಘಗಳ ಮೊದಲ ಪಂದ್ಯ ನಡೆದುದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ. ಆ ವರ್ಷದ ಮೇ ತಿಂಗಳಿನಲ್ಲಿ ವಿಯೆನ್ನಾದ ಕ್ರೆಡಿಟಾನ್‌ಸ್ಟಾಲ್ಟ್ ಬ್ಯಾಂಕು ಕುಸಿದಿತ್ತೆಂಬುದನ್ನು ಇಲ್ಲಿ ಸ್ಮರಿಸಬಹುದು.

ಇದಕ್ಕಿಂತ ಮಹತ್ತ್ವದ ಬದಲಾವಣೆ 1929ರಲ್ಲಿ ಆಗಿಹೋಗಿತ್ತು. ಆ ವರ್ಷ ಯುಗೊಸ್ಲಾವಿಯದ ಸ್ಥಾನಕ್ಕೆ ಇಟಲಿ ಬಂದಿತು. ನಮ್ಮ ವಾದಕ್ಕೆ ಇದು ಅಡ್ಡಿಯಲ್ಲವೇ ಎಂದು ಓದುಗರು ಕೇಳಬಹುದು, ಏಕೆಂದರೆ ಟ್ಯೂರಿನ್, ಬೊಲೊನ್ಯಾ, ರೋಮ್ ನಗರಗಳು ಹ್ಯಾಪ್ಸ್‌ಬರ್ಗರ ಆ ಸಾಮ್ರಾಜ್ಯದಲ್ಲಿರಲಿಲ್ಲ. ಪ್ರಶ್ನೆ ನ್ಯಾಯವಾದುದೇ. ಆದರೆ ಇಟಲಿಯ ಕಾಲ್ಚೆಂಡಾಟ ಅಷ್ಟರಲ್ಲಿ ಮಧ್ಯ ಯೂರೋಪಿನ ಶಿಷ್ಯವಾಗಿದ್ದಿತು. 1926ಕ್ಕೆ ಮೊದಲು ಹಂಗೆರಿ, ಆಸ್ಟ್ರಿಯಗಳ ಅನೇಕ ಆಟಗಾರರು ಇಟಲಿಯ ಸಂಘಗಳಲ್ಲಿದ್ದರು. ಫ್ಯಾಸಿಸ್ಟ್ ಸರಕಾರದ ಕಾಲದಲ್ಲಿ, 1926ರ ವಿಯರೆಜ್ಜೊ ಶಾಸನದ ಮೂಲಕ, ಪರದೇಶದ ಆಟಗಾರರನ್ನು ಹೊರಗಿಟ್ಟರೂ ಅಲ್ಲಿಂದ ಬಂದ ಶಿಕ್ಷಕರು ಉಳಿದುಕೊಂಡರು. ಇಟಲಿಯ ಪ್ರವೇಶದಿಂದ ಪಂದ್ಯಾವಳಿಗೆ ಬಂದ ಹೊಸ ಅಂಶ ಬೇರೆ. ಅದುವರೆಗೆ ಇದು ನಗರಗಳ ಪೈಪೋಟಿಯಾಗಿದ್ದಿತು. ಇಟಲಿಯೊಡನೆ ಪ್ರಭುತ್ವ ಮೈದಾನಕ್ಕೆ ಕಾಲಿಟ್ಟಿತು.

1932ರ ಉಪಾಂತ್ಯದ ಪ್ರಸಂಗ ಇದಕ್ಕೆ ಸಾಕ್ಷಿ. ಪ್ರಾಗಿನಲ್ಲಿ ಸ್ಲಾವಿಯಾ ಸಂಘ ಟ್ಯೂರಿನಿನ ಯುವೆಂಟಸ್ ಸಂಘವನ್ನು 4–0ಯಿಂದ ಸೋಲಿಸಿತು, ಆಟದುದ್ದಕ್ಕೂ ಜಗಳಗಳಾದುವು. ಟ್ಯೂರಿನಿನ ಮರುಪಂದ್ಯದಲ್ಲಿ ಯುವೆಂಟಸ್ 2–0 ಮುಂದಿದ್ದಾಗ ಪ್ರೇಕ್ಷಕರತ್ತಣಿಂದ ಬಂದ ಕಲ್ಲು ಸ್ಲಾವಿಯಾದ ಗೋಲುರಕ್ಷಕ ಪ್ಲಾನಿಚ್ಕನಿಗೆ ತಗುಲಿತು. ಸ್ಲಾವಿಯಾ ಆಟವನ್ನು ಮುಂದುವರಿಸಲು ಒಪ್ಪಲಿಲ್ಲ. ಪಂದ್ಯಾವಳಿಯ ಸಮಿತಿ ಇಬ್ಬರನ್ನೂ ಹೊರಗೆ ಹಾಕಿತು. ಇನ್ನೊಂದು ಉಪಾಂತ್ಯದಲ್ಲಿ ಫಸ್ಟ್ ವಿಯೆನ್ನಾ ಸಂಘವನ್ನು ಗೆದ್ದಿದ್ದ ಬೊಲೊನ್ಯಾಕ್ಕೆ ಅಂತಿಮ ಪಂದ್ಯವನ್ನಾಡದೆಯೇ ಪಾರಿತೋಷಕ ದೊರೆಯಿತು. ಇಟಲಿಗೆ ದೊರೆತ ಮೊದಲ ಮಿಟ್ರೋಪಾ ಪಾರಿತೋಷಕ ಹೀಗೆ ಬಂದಿತು. ಸಮಿತಿಯ ತೀರ್ಪನ್ನು ಅಂಜುಬುರುಕುತನವೆನ್ನುವುದೋ ಜಾಣತನವೆನ್ನುವುದೋ ತಿಳಿಯದು. ಕಲ್ಲು ತಿಂದವನಿಗೂ ಕಲ್ಲು ಬಂದ ಕಡೆಯವರಿಗೂ ಒಂದೇ ಶಿಕ್ಷೆಯಾದುದು ನ್ಯಾಯವಂತೂ ಅಲ್ಲ. 1937ರಲ್ಲಿ ವಿಯೆನ್ನಾದ ಆಡ್ಮಿರಾ ಮತ್ತು ಇಟಲಿಯ ಜೆನೋವಾ ಸಂಘಗಳ ನಡುವೆ ವಿಯೆನ್ನಾದಲ್ಲಿ 2–2 ಸಮನಾದ ಪಂದ್ಯ ಹೊಡೆದಾಟದಲ್ಲಿ ಮುಗಿಯಿತು. ಮರುಪಂದ್ಯವನ್ನು ಇಟಲಿಯ ಸರಕಾರ ನಿಷೇಧಿಸಿತು. ಆಗಲೂ ಇಬ್ಬರನ್ನೂ ತೆಗೆದುಹಾಕಲಾಯಿತು. ರೋಮಿನ ಲಾಟ್ಸಿಯೊ ಸಂಘ ಉಪಾಂತ್ಯವನ್ನಾಡದೆಯೇ ಅಂತಿಮ ಘಟ್ಟಕ್ಕೆ ಬಂದು, ಫೆರೆನ್ಸ್‌ವಾರೋಶ್ ಎದುರು 4–2, 5–4ರಿಂದ ಎರಡೂ ಪಂದ್ಯಗಳಲ್ಲಿ ಸೋತಿತು. 1934ರ ಮಾರ್ಚಿನ ರೋಮ್ ಒಡಂಬಡಿಕೆಗಳ ಪ್ರಕಾರ ಇಟಲಿ, ಆಸ್ಟ್ರಿಯ, ಹಂಗೆರಿಗಳು ಮಿತ್ರರಾಷ್ಟ್ರಗಳಾಗಿದ್ದುವೆಂಬುದನ್ನು ಮರೆಯಬಾರದು. ಸರಕಾರಗಳ ಮೈತ್ರಿಯಿಂದ ಮೈದಾನಕ್ಕೆ ಶಾಂತಿ ಬರಲಿಲ್ಲ.

ಇಷ್ಟೆಲ್ಲ ಕಲಹಗಳಿದ್ದರೂ ಜನ ಬರುತ್ತಿದ್ದರು, ಆಟ ಬೆಳೆಯುತ್ತಿದ್ದಿತು. 1934ರಲ್ಲಿ ಪ್ರತಿ ರಾಷ್ಟ್ರಕ್ಕೆ ನಾಲ್ಕರಂತೆ ಹದಿನಾರು ಸಂಘಗಳಾದುವು. 1936ರಲ್ಲಿ ಸ್ವಿಟ್ಜರ್ಲೆಂಡ್ ಸೇರಿ ಇಪ್ಪತ್ತಾದುವು. 1937ರಲ್ಲಿ ಯುಗೊಸ್ಲಾವಿಯ ಮರಳಿ ಬಂದಿತು, ರುಮಾನಿಯವೂ ಕೂಡಿಕೊಂಡಿತು. ಆಟದ ಮಟ್ಟವನ್ನು ಅಳೆಯಲು ವಿಶ್ವಪಾರಿತೋಷಕವೇ ಸಾಕು. 1930ರಲ್ಲಿ ಯುರುಗ್ವೆಯಲ್ಲಿ ನಡೆದ ಮೊದಲ ವಿಶ್ವಪಾರಿತೋಷಕಕ್ಕೆ ಮಿಟ್ರೋಪಾದ ಅಂದಿನ ನಾಲ್ಕು ರಾಷ್ಟ್ರಗಳಲ್ಲಿ ಒಂದೂ ಹೋಗಲಿಲ್ಲ. ಸಂಬಳ ಕೊಡುವ ಸಂಘಗಳು ತಮ್ಮ ಆಟಗಾರರನ್ನು ಹಡಗಿನ ಪ್ರಯಾಣಕ್ಕಾಗಿ ಎರಡು ತಿಂಗಳು ಬಿಟ್ಟುಕೊಡುವುದು ಹೇಗೆ? ಆದರೆ 1934ರಲ್ಲಿ ಅಂತಿಮ ನಾಲ್ವರಲ್ಲಿ ಮೂವರು ಇಟಲಿ, ಚೆಕೊಸ್ಲೊವಾಕಿಯ, ಆಸ್ಟ್ರಿಯ. 1938ರ ಅಂತಿಮ ಪಂದ್ಯ ಇಟಲಿಗೂ ಹಂಗೆರಿಗೂ ನಡೆಯಿತು.

ಈ ಕೂಟದ ಸ್ವರೂಪ ಸಂಘಗಳ ಹೆಸರಿಗಿಂತ ವ್ಯಕ್ತಿಗಳ ಬಾಳಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಆಸ್ಟ್ರಿಯದ ಅತ್ಯಂತ ಪ್ರಸಿದ್ಧ ಆಟಗಾರ ಮಟಿಯಾಸ್ ಸಿಂಡೆಲಾರ್ 1903ರಲ್ಲಿ ಮೊರಾವಿಯದ ಕೊಜ್ಲೋವ್ ಎಂಬ ಹಳ್ಳಿಯಲ್ಲಿ ಹುಟ್ಟಿ, ವಿಯೆನ್ನಾದ ಫಾವೊರಿಟೆನ್ ಎಂಬ ಕಾರ್ಮಿಕರ ಮೊಹಲ್ಲೆಯಲ್ಲಿ ಬೆಳೆದವನು. ಅವನ ತಂದೆ ಮಹಾಯುದ್ಧದಲ್ಲಿ ಸತ್ತವನು. 1933ರ ಅಂತಿಮ ಘಟ್ಟದಲ್ಲಿ ಮಿಲಾನಿನ ಆಂಬ್ರೋಸಿಯಾನಾ ಸಂಘಕ್ಕೆ ಮೊದಲ ಪಂದ್ಯವನ್ನು 2–1ರಿಂದ ಸೋತಿದ್ದ ಆಸ್ಟ್ರಿಯಾ ವಿಯೆನ್ನಾ, ಮರುಪಂದ್ಯದಲ್ಲಿ ಇವನೊಬ್ಬನೇ ಹೊಡೆದ ಮೂರು ಗೋಲುಗಳಿಂದ 3–1 ಗೆದ್ದು ಪಾರಿತೋಷಕವನ್ನು ಪಡೆಯಿತು. ಅಂದು ಮಿಲಾನಿನ ಸಂಘಕ್ಕೆ ಶಿಕ್ಷಕನಾಗಿದ್ದವನು ಆರ್ಪಾಡ್ ವೈಸ್ ಎಂಬ ಹಂಗೆರಿಯ ಯೆಹೂದ್ಯ. ಮುಂದೆ ಬೊಲೊನ್ಯಾ ಸಂಘವನ್ನು 1936, 1937ರಲ್ಲಿ ಇಟಲಿಯ ಚಾಂಪಿಯನ್ ಪಟ್ಟಕ್ಕೇರಿಸಿದವನು. ಯೋಸೆಫ್ ಬಿಟ್ಸಾನ್ ಚೆಕ್ ತಂದೆತಾಯಿಗಳಿಗೆ 1913ರಲ್ಲಿ ವಿಯೆನ್ನಾದಲ್ಲಿ ಜನಿಸಿ, ರಾಪಿಡ್, ಆಡ್ಮಿರಾ ಸಂಘಗಳಲ್ಲಿ ಆಡಿ, 1937ರಲ್ಲಿ ಪ್ರಾಗಿನ ಸ್ಲಾವಿಯಾಕ್ಕೆ ಹೋದನು. ಇವರಲ್ಲಿ ಯಾರು ಯಾವ ದೇಶದವರೆಂದು ಒಂದು ಮಾತಿನಲ್ಲಿ ಹೇಳುವುದು ಸಾಧ್ಯವಿಲ್ಲ. ಹೇಳಲೇಬೇಕೆಂದು ಹಟ ಹಿಡಿದವರು ಅಧಿಕಾರಕ್ಕೆ ಬಂದಾಗ ಈ ಕೂಟಕ್ಕೆ ಉಳಿವಿರಲಿಲ್ಲ.

ಮೈಸ್ಲ್ 1937ರ ಫೆಬ್ರವರಿಯಲ್ಲಿ ತೀರಿಕೊಂಡನು. ಮರುವರ್ಷ ಮಾರ್ಚ್ 12ರಂದು ಜರ್ಮನಿಯ ಸೇನೆ ಆಸ್ಟ್ರಿಯವನ್ನು ಪ್ರವೇಶಿಸಿತು. ವೃತ್ತಿ ಆಟ ರದ್ದಾಯಿತು. 1925ರಲ್ಲಿ ಆಸ್ಟ್ರಿಯದ ಮೊದಲ ವೃತ್ತಿ ಚಾಂಪಿಯನ್ ಆಗಿದ್ದ ಹಕೋವಾ ಎಂಬ ಯೆಹೂದ್ಯ ಸಂಘವನ್ನು ಮುಚ್ಚಲಾಯಿತು. ಮಿಟ್ರೋಪಾ ಪಟ್ಟಿಯಿಂದ ವಿಯೆನ್ನಾದ ಹೆಸರೇ ಅಳಿಯಿತು. 1897ರಿಂದ ಯಾವ ನಗರದ ಸುತ್ತ ಈ ಆಟ ತಿರುಗಿತ್ತೋ ಆ ನಗರವಿಲ್ಲದೆ 1938ರ ಪಂದ್ಯಗಳು ನಡೆದುವು. ಬಿಟ್ಸಾನ್ ಆ ವರ್ಷ ಹತ್ತು ಗೋಲುಗಳನ್ನು ಹೊಡೆದನು. ಸೆಪ್ಟೆಂಬರ್ 4ರಂದು ಪ್ರಾಗಿನಲ್ಲಿ ಸ್ಲಾವಿಯಾ ಮತ್ತು ಫೆರೆನ್ಸ್‌ವಾರೋಶ್ 2–2 ಸಮನಾದುವು. 11ರಂದು ಬುಡಾಪೆಸ್ಟಿನಲ್ಲಿ ಸ್ಲಾವಿಯಾ 2–0ಯಿಂದ ಗೆದ್ದಿತು. ಮೂರು ವಾರಗಳೊಳಗಾಗಿ ಮ್ಯೂನಿಕ್ ಒಪ್ಪಂದಕ್ಕೆ ಸಹಿ ಬಿದ್ದಿತು. ನವೆಂಬರ್ 2ರಂದು ಸ್ಲೊವಾಕಿಯದ ದಕ್ಷಿಣ ಭಾಗ ಹಂಗೆರಿಗೆ ಹೋಯಿತು. ಸಿಂಡೆಲಾರ್ 1939ರ ಜನವರಿ 23ರಂದು ವಿಯೆನ್ನಾದ ಒಂದು ಕೋಣೆಯಲ್ಲಿ ಇಂಗಾಲದ ವಿಷವಾಯುವಿನಿಂದ ಸತ್ತನು. ಇಟಲಿಯ 1938ರ ಜನಾಂಗ ಶಾಸನಗಳಿಂದ ಬೊಲೊನ್ಯಾವನ್ನು ಬಿಡಬೇಕಾದ ವೈಸ್ ಹಾಲೆಂಡಿನಲ್ಲಿ ಆಶ್ರಯ ಪಡೆದನು. ಅವನ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ 1942ರಲ್ಲಿ ಔಷ್ವಿಟ್ಸ್‌ನಲ್ಲಿ ಕೊಲ್ಲಲಾಯಿತು. ಅವನು ಅಲ್ಲಿಯೇ 1944ರ ಜನವರಿಯಲ್ಲಿ ಸತ್ತನು.

1939ರಲ್ಲಿ ಜರ್ಮನಿಯ ವಶದಲ್ಲಿದ್ದ ಪ್ರಾಗಿನಿಂದಲೂ ಎರಡು ಸಂಘಗಳು ಬಂದುವು, ಉಯ್‌ಪೆಸ್ಟ್ ಗೆದ್ದಿತು. 1940ರಲ್ಲಿ ಉಳಿದವರು ಹಂಗೆರಿ, ರುಮಾನಿಯ, ಯುಗೊಸ್ಲಾವಿಯದವರು ಮಾತ್ರ. ಬುಕಾರೆಸ್ಟಿನ ರಾಪಿಡ್ ಮತ್ತು ಝಾಗ್ರೆಬಿನ ಗ್ರಾಜಾನ್ಸ್ಕಿ ಮೂರು ಸಲ ಆಡಿಯೂ ನಿರ್ಣಯವಾಗದೆ, ಚೀಟಿ ಎತ್ತಿ ರಾಪಿಡ್ಡನ್ನು ಅಂತಿಮ ಪಂದ್ಯಕ್ಕೆ ಕಳುಹಿಸಲಾಯಿತು. ಎದುರಾಳಿ ಫೆರೆನ್ಸ್‌ವಾರೋಶ್. ಆ ಪಂದ್ಯ ನಡೆಯಲೇ ಇಲ್ಲ. ಆಗಸ್ಟ್ 30ರಂದು ಜರ್ಮನಿ, ಇಟಲಿಗಳು ವಿಯೆನ್ನಾದಲ್ಲಿ ಕುಳಿತು ರುಮಾನಿಯದ ಉತ್ತರ ಟ್ರಾನ್ಸಿಲ್ವೇನಿಯವನ್ನು ಹಂಗೆರಿಗೆ ಕೊಡಿಸಿದುವು.

ಹೀಗೆ ಕೈಬದಲಾದ ನೆಲದಲ್ಲಿ ಒರಾದಿಯಾ ಎಂಬ ನಗರವಿದೆ. ಹಂಗೆರಿಯನ್ನರು ಅದನ್ನು ನಾಜ್‌ವಾರಾದ್ ಎನ್ನುತ್ತಾರೆ. ಅಲ್ಲಿಯ ಸಂಘ 1943-44ರಲ್ಲಿ ಹಂಗೆರಿಯ ಚಾಂಪಿಯನ್ ಆಯಿತು. ಯುದ್ಧವಾದ ಮೇಲೆ ನಗರ ಮತ್ತೆ ರುಮಾನಿಯಕ್ಕೆ ಸೇರಿತು. ಅದೇ ಸಂಘ ಹೆಸರು ಬದಲಿಸಿಕೊಂಡು 1948-49ರಲ್ಲಿ ರುಮಾನಿಯದ ಚಾಂಪಿಯನ್ ಆಯಿತು. ನಾವು ಮೇಲೆ ವಿಸ್ತಾರವಾಗಿ ಹೇಳಿದುದನ್ನು ಈ ಒಂದು ಸಂಘದ ಚರಿತ್ರೆ ಎರಡು ಪಂಕ್ತಿಗಳಲ್ಲಿ ಹೇಳುತ್ತದೆ.

ಮಿಟ್ರೋಪಾ ಪಾರಿತೋಷಕವನ್ನು 1955ರಲ್ಲಿ ಕ್ರಮವಾಗಿ ಮತ್ತೆ ಆರಂಭಿಸಲಾಯಿತು. ಅದೇ ವರ್ಷ ಪ್ಯಾರಿಸಿನ ಒಂದು ಕ್ರೀಡಾಪತ್ರಿಕೆಯ ಪ್ರೇರಣೆಯಿಂದ ಇಡೀ ಯೂರೋಪಿನ ಚಾಂಪಿಯನ್ ಸಂಘಗಳ ಪಂದ್ಯಾವಳಿ ಹುಟ್ಟಿತು. ರಾತ್ರಿಯ ರೈಲಿನ ಕಾಲ ಹೋಗಿ ವಿಮಾನದ ಕಾಲ ಬಂದಿದ್ದಿತು. ಮೂರು ನಗರಗಳ ನಡುವಣ ಹಳೆಯ ಪೈಪೋಟಿ ಯಾರಿಗೂ ಬೇಡವಾಯಿತು. 1980ರ ಸುಮಾರಿನಿಂದ ಅದರಲ್ಲಿ ಆಯಾ ದೇಶಗಳ ಎರಡನೆಯ ದರ್ಜೆಯ ಸಂಘಗಳು ಆಡುತ್ತಿದ್ದುವು. ಕೊನೆಯ ಪಂದ್ಯಾವಳಿ 1992ರಲ್ಲಿ ಇಟಲಿಯ ಫೋಜಾ ನಗರದಲ್ಲಿ ನಡೆಯಿತು. ಗೆದ್ದುದು ಬಾಂಜಾ ಲೂಕಾ ನಗರದ ಬೊರಾಟ್ಸ್ ಸಂಘ. ಆ ನಗರವಿದ್ದ ಬೋಸ್ನಿಯದಲ್ಲಿ ಅದೇ ವರ್ಷದ ಏಪ್ರಿಲಿನಲ್ಲಿ ಯುದ್ಧ ಆರಂಭವಾಗಿತ್ತು, ಯುಗೊಸ್ಲಾವಿಯ ಒಡೆಯುತ್ತಿದ್ದಿತು.